ಚೆನ್ನಮ್ಮಾಜಿಯ ಅಭಯ

ಹೋದ ಚಳಿಗಾಲದಲ್ಲಿ ನಾನು ಚನ್ನಗಿರಿಯ ಕಾಲೇಜಿನಲ್ಲಿ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯವನ್ನು ಪಾಠ ಹೇಳುತ್ತಿದ್ದೆ. ಯೇಸುಕ್ರಿಸ್ತನ ಕೊನೆಯ ದಿನವನ್ನು ವಸ್ತುವಾಗಿ ಉಳ್ಳ ಕಾವ್ಯವದು. ಹಳಗನ್ನಡದ ಬಿಗಿಯುಳ್ಳ ಆ ಭಾಷೆಯನ್ನು ಬಿಡಿಸಿ ಹೇಳುವುದರಲ್ಲಿಯೇ ಗಂಟೆ ಮುಗಿಯುತ್ತದೆ; ಆದರೂ ಆ ದಿನ ಪದಗಳ ಅರ್ಥವನ್ನು ಬದಿಗಿಟ್ಟು ವಿಷಯದ ಕಡೆಗೆ ಹೊರಳಿದೆ. ತನ್ನ ಕೈಕಾಲುಗಳಿಗೆ ಮೊಳೆ ಬಡಿದವರನ್ನು ಮನ್ನಿಸಬೇಕೆಂದು ದೇವರನ್ನು ಬೇಡಿಕೊಂಡ ಆ ಮಹಾಪುರುಷನು ಅದಕ್ಕೆ ಮುಂಚೆ ಗಲಿಲಾಯದ ಬೆಟ್ಟದ ಮೇಲೆ ಜನರಿಗೆ ಏನನ್ನು ಬೋಧಿಸಿದ್ದನೆಂಬುದನ್ನು ವಿವರಿಸಿದೆ. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬ ಯೆಹೂದ್ಯರ ಹಳೆಯ ಕಟ್ಟಳೆ ನಮಗೆ ಇಂದು ಕ್ರೂರವಾಗಿ ತೋರುತ್ತದೆ. ವಾಸ್ತವವಾಗಿ ಅದು ಪ್ರತೀಕಾರಕ್ಕೆ ಹಾಕಿದ ಲಗಾಮು. ಒಂದು ಕಣ್ಣಿಗಾಗಿ ಒಂದು ಮನೆತನವನ್ನೇ ಅಳಿಸುತ್ತಿದ್ದ ಜನರಿಗೆ, ಒಂದು ಕಣ್ಣಿಗಿಂತ ಹೆಚ್ಚು ಕೇಳಕೂಡದೆಂದು ಅದು ಹೇಳಿತು. ಕ್ರಿಸ್ತನು ಆ ಲಗಾಮನ್ನು ಇನ್ನೂ ಬಿಗಿದು, ಆ ಒಂದು ಕಣ್ಣನ್ನೂ ಕೇಳಬೇಡಿರಿ ಎಂದನು. ಎಷ್ಟು ಸಲ ಮನ್ನಿಸಬೇಕೆಂದು ಲೆಕ್ಕ ಕೇಳಿದ ಶಿಷ್ಯನಿಗೆ, ಲೆಕ್ಕವೇ ತಪ್ಪಿಹೋಗುವಷ್ಟು ದೊಡ್ಡ ಸಂಖ್ಯೆಯನ್ನು ಹೇಳಿ ಸುಮ್ಮನಾಗಿಸಿದನು.

ಇಷ್ಟು ಹೇಳಿ ನಾನು ತೃಪ್ತನಾಗಿರುವಾಗ, ಜಗಳೂರು ಕಡೆಯಿಂದ ಬಂದು ಇಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದುನಿಂತಳು. ಕ್ರಿಸ್ತನಿಗೆ ಮನೆಯಿರಲಿಲ್ಲ, ಮಡದಿಮಕ್ಕಳಿರಲಿಲ್ಲ, ಹೊಲವಿರಲಿಲ್ಲ, ರಾಜ್ಯವಿರಲಿಲ್ಲ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನು ಕ್ಷಮಿಸಬಹುದು. ಸಂಸಾರವನ್ನೋ ರಾಜ್ಯವನ್ನೋ ಹೊತ್ತವರು ಹಾಗೆ ಮಾಡಿದ್ದುಂಟೇ, ಅದೂ ನಮ್ಮ ನಾಡಿನಲ್ಲಿ ಎಂಬುದು ಅವಳ ಪ್ರಶ್ನೆ. ಗಂಟೆ ಬಾರಿಸಿತು. ನಾನು ಆ ಗಂಟೆಗೆ ಮನಸ್ಸಿನಲ್ಲಿಯೇ ಕೃತಜ್ಞತೆ ಸಲ್ಲಿಸಿದೆನೆಂದು ಒಪ್ಪಿಕೊಳ್ಳುವುದೇ ಲೇಸು.

ಮನೆಗೆ ಹೋಗುವ ದಾರಿಯಲ್ಲಿ ಊರ ನೆತ್ತಿಯ ಗುಡ್ಡದ ಕೋಟೆ ಎಂದಿನಂತೆ ಕಣ್ಣಿಗೆ ಬಿತ್ತು. ಅದರೊಳಗೆ ರಂಗನಾಥನ ಗುಡಿಯಿದೆ. ವರ್ಷಗಟ್ಟಲೆ ಆ ಕೋಟೆಯ ಕೆಳಗೆ ಓಡಾಡಿದ ನನಗೆ, ಹುಡುಗಿಯ ಪ್ರಶ್ನೆಗೆ ಉತ್ತರ ಊರಿನ ಹೆಸರಿನಲ್ಲಿಯೇ ಇದೆಯೆಂದು ಹೊಳೆದದ್ದು ಅಂದು. ಚನ್ನಗಿರಿ ಎಂಬುದು ಚೆನ್ನಮ್ಮಾಜಿಯ ಗಿರಿ. ಹಿಂದೆ ಹುಲಿಕೆರೆಯೆಂದು ಕರೆಯಲ್ಪಡುತ್ತಿದ್ದ ಈ ಸ್ಥಳದಲ್ಲಿ ಕೋಟೆಯನ್ನು ಬಲಪಡಿಸಿ ಆಕೆ ತನ್ನ ಹೆಸರನ್ನಿಟ್ಟಳೆಂದು ಪ್ರತೀತಿ. ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಆಕೆಯನ್ನು ಕಿತ್ತೂರಿನ ಚೆನ್ನಮ್ಮನೆಂದೇ ತಿಳಿದಿರುತ್ತಾರೆ. ಕಿತ್ತೂರಿನ ವೀರರಾಣಿ ಆಂಗ್ಲರನ್ನು ಎದುರಿಸಿದ್ದು 1824ರಲ್ಲಿ; ಕೆಳದಿಯ ಚೆನ್ನಮ್ಮಾಜಿ ಅದಕ್ಕೆ ಒಂದೂವರೆ ಶತಮಾನದಷ್ಟು ಹಿಂದಿನವಳು.

ಚೆನ್ನಮ್ಮಾಜಿ ಅರಸುಮನೆತನದಲ್ಲಿ ಹುಟ್ಟಿದವಳಲ್ಲ. ಕೋಟಿಪುರದ ಸಿದ್ದಪ್ಪಶೆಟ್ಟಿಯೆಂಬ ವ್ಯಾಪಾರಿಯ ಮಗಳು. ಕೆಳದಿಯ ಅರಸನಾದ ಸೋಮಶೇಖರ ನಾಯಕನು ರಾಮೇಶ್ವರ ದೇವರ ಜಾತ್ರೆಯಲ್ಲಿ ಅವಳನ್ನು ಕಂಡು ಮೆಚ್ಚಿ, ಮಂತ್ರಿಗಳ ಅಸಮಾಧಾನವನ್ನು ಲೆಕ್ಕಿಸದೆ 1667ರಲ್ಲಿ ಮದುವೆಯಾದನೆಂದು ಹೇಳುತ್ತಾರೆ. ವ್ಯಾಪಾರಿಯ ಮನೆಯ ಮಗಳೆಂಬ ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಏಕೆಂದರೆ ಆ ವಿವಾಹಕ್ಕೆ ಎರಡು ವರ್ಷ ಹಿಂದೆ, 1665ರ ಫೆಬ್ರವರಿಯಲ್ಲಿ, ಕೆಳದಿ ರಾಜ್ಯದ ವ್ಯಾಪಾರಕ್ಕೆ ಮರೆಯಲಾಗದ ಪೆಟ್ಟು ಬಿದ್ದಿತ್ತು. ಕುಂದಾಪುರದ ಬಳಿಯ ಬಸರೂರು ಆಗ ಪಡುವಣ ಕರಾವಳಿಯ ಸಿರಿವಂತ ಬಂದರುಗಳಲ್ಲಿ ಒಂದು. ಕನ್ನಡನಾಡಿನ ಅಕ್ಕಿಯೂ ಮೆಣಸೂ ಅಲ್ಲಿಂದ ಸಮುದ್ರವನ್ನು ದಾಟುತ್ತಿದ್ದವು. ಶಿವಾಜಿ ಮಹಾರಾಜನು ಮಾಲವಣದಿಂದ ಎಂಬತ್ತಕ್ಕೂ ಹೆಚ್ಚು ಹಡಗುಗಳೊಡನೆ ಹೊರಟು, ಯಾರೂ ನಿರೀಕ್ಷಿಸದಿದ್ದ ವೇಳೆಯಲ್ಲಿ ಬಸರೂರಿನ ಮೇಲೆ ಬಿದ್ದು, ಊರನ್ನು ಸೂರೆಗೊಂಡು ಅಪಾರವಾದ ಐಶ್ವರ್ಯದೊಡನೆ ಹಿಂದಿರುಗಿದನು. ಹಿಂದಿರುಗುವಾಗ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನಪೂಜೆಗಳನ್ನು ಮಾಡಿದನು. ಶಿವಾಜಿಯ ಹಿರಿಮೆಯನ್ನು ನಾನು ಕುಗ್ಗಿಸಹೊರಟಿಲ್ಲ. ಒಂದು ಹೊಸ ರಾಜ್ಯವನ್ನು ಕಟ್ಟುತ್ತಿದ್ದವನಿಗೆ ಹಣ ಬೇಕಾಗಿತ್ತು. ಕಾಲದ ನೀತಿಯೂ ಹಾಗೆಯೇ ಇತ್ತು. ಆದರೆ ಲೂಟಿಯಾದ ಅಂಗಡಿಯವನ ಲೆಕ್ಕದಲ್ಲಿ ಲೂಟಿ ಮಾಡಿದವನ ಮಹತ್ತ್ವಕ್ಕೆ ಜಾಗವಿರುವುದಿಲ್ಲ. ಅಂದು ಕೆಳದಿಯ ಸಿಂಹಾಸನದ ಮೇಲಿದ್ದವನು ಸೋಮಶೇಖರ ನಾಯಕನೇ. ಅವನ ಮನೆಗೆ ಸೊಸೆಯಾಗಿ ಬಂದ ಶೆಟ್ಟಿಯ ಮಗಳಿಗೆ ಬಸರೂರಿನ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿರಲಿಲ್ಲ.

ಮುಂದಿನ ಐದಾರು ವರ್ಷಗಳ ಕಥೆ ದುಃಖದ್ದು. ಬೇಗ ಹೇಳಿ ಮುಗಿಸುತ್ತೇನೆ. ಸೋಮಶೇಖರನು ಕಲಾವತಿಯೆಂಬ ನರ್ತಕಿಯ ಮೋಹಕ್ಕೆ ಸಿಕ್ಕಿದನು. ಅವಳ ಹಿಂದೆ ಇದ್ದ ಭರಮೆ ಮಾವುತನೆಂಬವನು ಕೊಟ್ಟ ಮದ್ದಿನಿಂದ ಅರಸನ ಬುದ್ಧಿ ಕೆಟ್ಟಿತೆಂದು ಕಥೆ ಹೇಳುತ್ತದೆ. ಮಕ್ಕಳಿರಲಿಲ್ಲ. ಬಿಜಾಪುರದ ಸುಲ್ತಾನನು ಸಮಯ ನೋಡಿ ಸೇನೆಯನ್ನು ಕಳುಹಿಸಿದನು, ಅರಸನು ಕೊಲೆಯಾದನು. ರಾಣಿ ಬಿದನೂರನ್ನು ಬಿಟ್ಟು ಕಾಡಿನ ನಡುವಣ ಭುವನಗಿರಿ ದುರ್ಗವನ್ನು ಸೇರಿ, ಉಳಿದ ನಿಷ್ಠರನ್ನು ಕೂಡಿಸಿಕೊಂಡು, ರಾಜಧಾನಿಯನ್ನು ಮರಳಿ ಪಡೆದಳು. 1671-72ರ ಸುಮಾರಿನಲ್ಲಿ ಪಟ್ಟವೇರಿದಳು. ಬಸವಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ಸಾಕಿದಳು. ಈ ಬಾಲಕನೇ ಮುಂದೆ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತದ ಮಹಾಕೋಶವನ್ನು ರಚಿಸಿದ ಬಸವಭೂಪಾಲ. ಒಬ್ಬ ವಿಧವೆ ಯುದ್ಧಗಳ ನಡುವೆ ಬೆಳೆಸಿದ ಮಗು ವಿದ್ವಾಂಸನಾದನೆಂಬುದು, ಕನ್ನಡ ಅಧ್ಯಾಪಕನಾದ ನನಗೆ, ಆಕೆ ಗೆದ್ದ ಯಾವ ಕೋಟೆಗಿಂತಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಮರೆಮಾಚಕೂಡದು. ಗಂಡನ ಸಾವಿಗೆ ಕಾರಣರಾದ ಮನೆಮುರುಕರನ್ನು ಆಕೆ ಕ್ಷಮಿಸಲಿಲ್ಲ. ಅವರಿಗೆ ಮರಣದಂಡನೆಯಾಯಿತೆಂದೇ ಪರಂಪರೆ ಹೇಳುತ್ತದೆ. ಹಾಗಾದರೆ ಈಕೆಯನ್ನು ಕ್ಷಮೆಗೆ ನಿದರ್ಶನವಾಗಿ ಹೇಗೆ ಹೇಳುತ್ತೀರಿ ಎಂದು ನನ್ನ ವಿದ್ಯಾರ್ಥಿನಿ ಕೇಳಿಯಾಳು. ಆಕೆ ಸಂತಳಲ್ಲ, ಅರಸಿ. ನ್ಯಾಯಪೀಠದಲ್ಲಿ ಕುಳಿತವರು ದ್ರೋಹಕ್ಕೆ ಶಿಕ್ಷೆ ಕೊಡುವುದು ಬೇರೆ. ಒಬ್ಬನ ಅಪರಾಧಕ್ಕಾಗಿ ಅವನ ಮಗನನ್ನೂ ಮೊಮ್ಮಗನನ್ನೂ ಹುಡುಕಿಕೊಂಡು ಹೋಗುವುದು ಬೇರೆ. ಮೊದಲನೆಯದನ್ನು ದಂಡವೆನ್ನುತ್ತೇವೆ, ಎರಡನೆಯದನ್ನು ಹಗೆಯೆನ್ನುತ್ತೇವೆ. ಈ ಎರಡರ ನಡುವಣ ಗೆರೆ ತೀರ ತೆಳುವಾದದ್ದು. ಅಧಿಕಾರದಲ್ಲಿರುವವರಿಗೆ ಅದು ಬಹುಮಟ್ಟಿಗೆ ಕಾಣಿಸುವುದೇ ಇಲ್ಲ.

ಆಕೆಯ ಆಳ್ವಿಕೆಯ ಕಾಲು ಶತಮಾನವೂ ಶತ್ರುಗಳಿಂದ ಸುತ್ತುವರಿದದ್ದು. ಸೋದೆಯವರು, ಮೈಸೂರಿನ ಚಿಕ್ಕದೇವರಾಜ ಒಡೆಯರು, ಬಿಜಾಪುರದವರು. ಯುದ್ಧ ಮತ್ತು ಸಂಧಿಗಳು ಮಳೆಗಾಲ ಬೇಸಿಗೆಗಳಂತೆ ಒಂದರ ಬೆನ್ನಿಗೆ ಒಂದು ಬಂದವು. ಆದರೆ ಹಳೆಯ ಶತ್ರುಗಳೊಡನೆ ಆಕೆ ನಡೆದುಕೊಂಡ ರೀತಿಯನ್ನು ಗಮನಿಸಬೇಕು. 1650ರ ದಶಕದಲ್ಲಿ ಶಿವಪ್ಪ ನಾಯಕನು ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಗಟ್ಟಿದ್ದನು. ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಅದೇ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ವ್ಯಾಪಾರದ ಕಟ್ಟಳೆಗಳ ಜೊತೆಗೆ ಮಿರ್ಜಾನು, ಚಂದಾವರ, ಕಲ್ಯಾಣಪುರ ಮೊದಲಾದೆಡೆಗಳಲ್ಲಿ ಕ್ರೈಸ್ತರು ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ಇದು ಅಕ್ಕಿಯ ವ್ಯಾಪಾರದ ಲಾಭಕ್ಕಾಗಿ ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಆದರೂ ಗಿರಿಪ್ರವಚನದ ಬೋಧೆ ವೀರಶೈವ ರಾಣಿಯೊಬ್ಬಳ ರಾಜ್ಯದಲ್ಲಿ, ಆಕೆಯ ಅನುಮತಿಯ ನೆರಳಿನಲ್ಲಿ, ಭಾನುವಾರ ಭಾನುವಾರ ಓದಲ್ಪಡುತ್ತಿತ್ತೆಂಬುದು ಸ್ವಾರಸ್ಯವಾದ ಸಂಗತಿ. 1681ರಲ್ಲಿ ಗೋವೆಯಿಂದ ಮಂಗಳೂರು ಸೀಮೆಗೆ ಬಂದು ಮೂರು ವರ್ಷ ಬರಿಗಾಲಿನಲ್ಲಿ ಊರೂರು ತಿರುಗಿದ ಪಾದ್ರಿ ಜೋಸೆಫ್ ವಾಜ್ ಕೆಲಸ ಮಾಡಿದ್ದು ಕೆಳದಿಯ ಆಳ್ವಿಕೆಗೆ ಒಳಪಟ್ಟ ನೆಲದಲ್ಲಿಯೇ. ಗೋವೆಯ ಆರ್ಚ್‌ಬಿಷಪ್ಪರ ಕಡೆಯವರೂ ರೋಮಿನಿಂದ ನೇಮಕಗೊಂಡ ಬಿಷಪ್ಪರ ಕಡೆಯವರೂ ಒಬ್ಬರ ಮುಖ ಒಬ್ಬರು ನೋಡದಂತಿದ್ದ ಕಾಲದಲ್ಲಿ, ಆ ಎರಡು ಪಂಗಡಗಳನ್ನು ಸಮಾಧಾನಪಡಿಸುವುದೇ ಅವರ ಮುಖ್ಯ ಕಾರ್ಯಗಳಲ್ಲಿ ಒಂದಾಗಿತ್ತು. ಮುಂದೆ ಸಿಂಹಳಕ್ಕೆ ಹೋಗಿ, ಗೂಢಚಾರನೆಂಬ ಅನುಮಾನದಿಂದ ಕ್ಯಾಂಡಿಯಲ್ಲಿ ಸೆರೆಯನ್ನನುಭವಿಸಿ, ಸೆರೆಯಲ್ಲಿಟ್ಟ ಅರಸನ ವಿಶ್ವಾಸವನ್ನೇ ಗಳಿಸಿದ ಅವರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು. ರಾಣಿಯೂ ಪಾದ್ರಿಯೂ ಒಬ್ಬರನ್ನೊಬ್ಬರು ಕಂಡಿದ್ದರೆಂದು ನಾನು ಹೇಳುತ್ತಿಲ್ಲ. ಒಂದೇ ಕಾಲದಲ್ಲಿ ಒಂದೇ ರಾಜ್ಯದಲ್ಲಿ ಇದ್ದರೆಂಬಷ್ಟೇ ನನ್ನ ಮಾತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 1680ರಲ್ಲಿ ಶಿವಾಜಿ ತೀರಿಕೊಂಡನು. 1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಔರಂಗಜೇಬನ ಕೈಸೇರಿದವು. 1689ರ ಫೆಬ್ರವರಿಯಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿ ಸೆರೆಸಿಕ್ಕಿ, ಮಾರ್ಚಿಯಲ್ಲಿ ಘೋರವಾದ ಚಿತ್ರಹಿಂಸೆಗೆ ಒಳಗಾಗಿ ಕೊಲ್ಲಲ್ಪಟ್ಟನು. ಉಳಿದವನು ಕಿರಿಯ ಮಗ ರಾಜಾರಾಮ. ಹತ್ತೊಂಬತ್ತು ವರ್ಷದ ತರುಣ. ಅವನನ್ನು ಉಳಿಸಿದರೆ ಮರಾಠರ ರಾಜ್ಯ ಉಳಿಯುತ್ತದೆಂದು ತಿಳಿದ ಸರದಾರರು ಅವನನ್ನು ರಾಯಗಡದಿಂದ ಹೊರಡಿಸಿ, ಪನ್ಹಾಳದಿಂದ ಮುಂದಕ್ಕೆ ದೂರದ ಜಿಂಜಿಯ ಕೋಟೆಗೆ ಕರೆದೊಯ್ಯಲು ನಿಶ್ಚಯಿಸಿದರು. ನಡುವೆ ಇದ್ದದ್ದು ಕನ್ನಡನಾಡು. ಅವರು ತೊಟ್ಟ ವೇಷ ಲಿಂಗವಂತ ಯಾತ್ರಿಕರದು.

ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ರಾತ್ರಿ ತಂಗಿದ್ದಾಗ ಬೆನ್ನಟ್ಟಿ ಬಂದ ಮೊಗಲ ಸೇನೆ ಅವರ ಮೇಲೆ ಬಿತ್ತು. ಅನೇಕ ಸರದಾರರು ಸೆರೆಸಿಕ್ಕಿದರು. ರಾಜಾರಾಮನು ಕತ್ತಲೆಯಲ್ಲಿ ತಪ್ಪಿಸಿಕೊಂಡು ಬಿದನೂರಿನ ರಾಜ್ಯವನ್ನು ಹೊಕ್ಕನು. ಹೊನ್ನಾಳಿಯ ಸೇತುವೆಯನ್ನು ದಾಟುವಾಗಲೆಲ್ಲ ನಾನು ಕೆಳಗೆ ಬಾಗಿ ನೋಡುತ್ತೇನೆ. ಆ ನಡುಗಡ್ಡೆ ಎಲ್ಲಿಯದೋ, ಹೊನ್ನಾಳಿಯದಂತೂ ಎಂದು ಹೇಳಲಾರೆ. ಆದರೆ ಅದೇ ನದಿ, ಅದೇ ಬಂಡೆಗಳು, ನವರಾತ್ರಿಯ ಹೊತ್ತಿಗೆ ಇನ್ನೂ ಇಳಿಯದ ಅದೇ ಕೆಂಪುನೀರು. ಆ ನೀರಿನಿಂದೆದ್ದು, ಅಣ್ಣನ ಸಾವನ್ನು ಬೆನ್ನಿಗೆ ಕಟ್ಟಿಕೊಂಡು, ತನ್ನ ತಂದೆ ಕೊಳ್ಳೆಹೊಡೆದ ರಾಜ್ಯದ ಬಾಗಿಲಿಗೆ ಬಂದು ನಿಲ್ಲಬೇಕಾದ ತರುಣನ ಮನಸ್ಸು ಹೇಗಿದ್ದಿರಬೇಕು!

ಚೆನ್ನಮ್ಮಾಜಿಯ ಮುಂದೆ ಮೂರು ದಾರಿಗಳಿದ್ದವು. ಅವನನ್ನು ಹಿಡಿದುಕೊಡಬಹುದಾಗಿತ್ತು, ಹಾಗೆ ಮಾಡಿದ್ದರೆ ಬಸರೂರಿನ ಲೆಕ್ಕವೂ ತೀರುತ್ತಿತ್ತು, ಇಡೀ ದಕ್ಷಿಣವನ್ನು ನುಂಗುತ್ತಿದ್ದ ಬಾದಶಹನ ಕೃಪೆಯೂ ದೊರೆಯುತ್ತಿತ್ತು. ಏನೂ ತಿಳಿಯದವಳಂತೆ ಗಡಿಯಿಂದಲೇ ಹಿಂದಕ್ಕೆ ಅಟ್ಟಬಹುದಾಗಿತ್ತು. ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಮಂತ್ರಿಗಳು ಹಿಂಜರಿದರೆಂದು ಪ್ರತೀತಿಯಿದೆ. ಹಿಂಜರಿಯದಿದ್ದರೆ ಅವರು ಮಂತ್ರಿಗಳೇ ಅಲ್ಲ. ರಾಣಿ ಮೂರನೆಯ ದಾರಿಯನ್ನು ಹಿಡಿದಳು. ಶರಣುಬಂದವನಿಗೆ ಅಭಯ ಕೊಟ್ಟು, ಅಡಗಿಸಿಟ್ಟು, ಕಾವಲಿನೊಡನೆ ತನ್ನ ರಾಜ್ಯವನ್ನು ದಾಟಿಸಿ ಕಳುಹಿಸಿದಳು. ರಾಜಾರಾಮನು 1689ರ ನವೆಂಬರಿನಲ್ಲಿ ಜಿಂಜಿಯನ್ನು ಸೇರಿದನು.

ಬೆಲೆ ತೆರಬೇಕಾಯಿತು. ಔರಂಗಜೇಬನು ಜಾನ್ ನಿಸಾರ್ ಖಾನನೇ ಮೊದಲಾದ ಸೇನಾನಿಗಳನ್ನು ಬಿದನೂರಿನ ಮೇಲೆ ಕಳುಹಿಸಿದನು. ಮಲೆನಾಡಿನ ಕಾಡು, ಕೆಳದಿಯ ಪಡೆ, ಸಹಾಯಕ್ಕೆ ಬಂದ ಮರಾಠಾ ಸೇನಾನಿ ಸಂತಾಜಿ ಘೋರ್ಪಡೆ, ಎಲ್ಲವೂ ಸೇರಿ ಮೊಗಲರನ್ನು ತಡೆದವು. ನಮ್ಮ ಕಡೆಯ ಕಾವ್ಯಗಳೂ ಕಥೆಗಳೂ ಇದನ್ನು ಸಂಪೂರ್ಣ ವಿಜಯವೆಂದು ಹಾಡುತ್ತವೆ. ಮೊಗಲರ ಕಡೆಯ ಬರಹಗಳು ರಾಣಿ ಅಲ್ಪ ದಂಡವನ್ನು ಕೊಟ್ಟು ಪಾರಾದಳೆನ್ನುತ್ತವೆ. ಎರಡರಲ್ಲಿಯೂ ಸತ್ಯಾಂಶವಿದ್ದೀತು. ದಂಡ ಕೊಟ್ಟಳೆಂದೇ ಇಟ್ಟುಕೊಳ್ಳೋಣ. ಹಾಗಾದರೆ ತನ್ನ ಬಂದರನ್ನು ದೋಚಿದವನ ಮಗನ ಪ್ರಾಣಕ್ಕಾಗಿ ಆಕೆ ತನ್ನ ಬೊಕ್ಕಸದಿಂದಲೇ ಎರಡನೆಯ ಸಲ ಹಣ ತೆತ್ತಂತಾಯಿತು. ನನಗೇನೋ ಈ ಪಾಠವೇ ಹೆಚ್ಚು ಪ್ರಿಯ.

ಇತಿಹಾಸ ಬಲ್ಲ ಓದುಗರು ಇಲ್ಲಿ ನನ್ನನ್ನು ತಡೆದಾರು. ಜದುನಾಥ ಸರ್ಕಾರರು ಬರೆದಿರುವಂತೆ, 1675ರಲ್ಲಿ ಆಸ್ಥಾನದ ಪ್ರಬಲನಾದ ತಿಮ್ಮಯ್ಯನೊಡನೆ ವಿರಸ ಉಂಟಾದಾಗ ರಾಣಿ ಶಿವಾಜಿಯ ರಕ್ಷಣೆಯನ್ನೇ ಬೇಡಿ, ವರ್ಷವರ್ಷ ಕಪ್ಪ ಕೊಡಲು ಒಪ್ಪಿ, ಮರಾಠರ ಪ್ರತಿನಿಧಿಯೊಬ್ಬನನ್ನು ತನ್ನ ಆಸ್ಥಾನದಲ್ಲಿ ಇರಿಸಿಕೊಂಡಿದ್ದಳು. ಆದ್ದರಿಂದ 1689ರ ಅಭಯ ಕ್ಷಮೆಯಲ್ಲ, ಹಳೆಯ ಋಣ. ಅಥವಾ ಮೊಗಲರಿಗೂ ತನಗೂ ನಡುವೆ ಮರಾಠರೆಂಬ ಗೋಡೆ ಇರಲೆಂಬ ರಾಜತಂತ್ರ. ಈ ಆಕ್ಷೇಪವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಬಸರೂರು ಲೂಟಿಯಾಗಿ ಹತ್ತು ವರ್ಷವಾಗುವಷ್ಟರಲ್ಲಿ, ಲೂಟಿ ಮಾಡಿದವನನ್ನೇ ಸಹಾಯಕ್ಕೆ ಕರೆಯಬಲ್ಲವಳು ಹಗೆಯನ್ನು ಎದೆಯಲ್ಲಿ ಸಾಕಿಕೊಂಡವಳಾಗಿರಲಾರಳು ಎಂಬುದು ಒಂದು. ಎರಡನೆಯದಾಗಿ, ಋಣ ತೀರಿಸಬೇಕಾದದ್ದು ಶಿವಾಜಿಗೆ. ಅವನು ಸತ್ತು ಒಂಬತ್ತು ವರ್ಷವಾಗಿತ್ತು. ನದಿಯಿಂದೆದ್ದು ಬಂದ ತರುಣನ ಕೈಯಲ್ಲಿ ರಾಜ್ಯವಿಲ್ಲ, ಸೇನೆಯಿಲ್ಲ, ನಾಳೆ ಬದುಕಿರುವ ಭರವಸೆಯೂ ಇಲ್ಲ. ರಾಜತಂತ್ರವೇ ಆಗಿದ್ದರೆ ಗೆಲ್ಲುವ ಕುದುರೆಯ ಮೇಲೆ ಪಣ ಕಟ್ಟಬೇಕಾಗಿತ್ತು. ರಾಜತಂತ್ರ ಸ್ವಲ್ಪವೂ ಇರಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಮನುಷ್ಯರು ಒಳ್ಳೆಯ ಕೆಲಸವನ್ನು ಒಂದೇ ಕಾರಣದಿಂದ ಮಾಡುವುದು ಅಪರೂಪ. ಅವನು ಯಾವ ವೇಷದಲ್ಲಿ ಬಂದನೆಂಬುದೂ ಇಲ್ಲಿ ಯೋಚನಾರ್ಹ. ಮನೆಗೆ ಬಂದ ಜಂಗಮನನ್ನು ಶಿವನೆಂದೇ ಕಾಣುವ ಸಂಪ್ರದಾಯದಲ್ಲಿ ಬೆಳೆದ ಹೆಂಗಸಿನ ಬಾಗಿಲಿಗೆ, ಪ್ರಾಣಭಯದಿಂದ ಆ ವೇಷ ತೊಟ್ಟವನು ಬಂದರೆ, ಆಕೆ ವೇಷವನ್ನು ನೋಡುವಳೋ ಮುಖವನ್ನು ನೋಡುವಳೋ?

ಹಗೆಯ ಇನ್ನೊಂದು ದಾರಿ ಎಲ್ಲಿಗೆ ಹೋಗುತ್ತದೆಂಬುದಕ್ಕೂ ನಾವು ದೂರ ಹೋಗಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಿಣಿಯನ್ನು ನೋಡಲು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತೇನೆ. ಹನುಮಪ್ಪ ನಾಯಕನು ಕಟ್ಟಿಸಿದ ಆ ಕೊಳ, ನಡುವೆ ನೀರಿನಲ್ಲಿ ನಿಂತ ವಸಂತಮಂಟಪ, ಇವುಗಳ ಚೆಲುವನ್ನು ಬಣ್ಣಿಸುವುದು ಬೇಡ. ಬಿಜಾಪುರದ ಸೇನಾನಿ ರಣದುಲ್ಲಾಖಾನನು ಅಲ್ಲಿಯ ದೇವಾಲಯವನ್ನು ಕೆಡವಿ ಮಸೀದಿಯನ್ನು ಕಟ್ಟಿಸಿದನೆಂದೂ, ಹನುಮಪ್ಪ ನಾಯಕನು ಸಮಯ ಕಾದು ಬಂದು ಅಧಿಕಾರಿಯನ್ನು ಕೊಂದು ಮಸೀದಿಯನ್ನು ಅಪವಿತ್ರಗೊಳಿಸಿದನೆಂದೂ, ಅಂದಿನಿಂದ ಅದರಲ್ಲಿ ಪ್ರಾರ್ಥನೆ ನಡೆಯಲಿಲ್ಲವೆಂದೂ ರೈಸ್ ಸಾಹೇಬರ ಗೆಜೆಟಿಯರಿನಲ್ಲಿ ದಾಖಲಾಗಿದೆ. ದೇವಾಲಯವೂ ಉಳಿಯಲಿಲ್ಲ, ಮಸೀದಿಯೂ ಬಳಕೆಯಾಗಲಿಲ್ಲ. ಪಕ್ಕದಲ್ಲಿ ಕೊಳದ ನೀರು ಮಾತ್ರ ಇದೆ.

ಚೆನ್ನಮ್ಮಾಜಿ 1697ರ ಸುಮಾರಿನಲ್ಲಿ ತೀರಿಕೊಂಡಳು. ಬಸವಪ್ಪ ನಾಯಕನು ಪಟ್ಟಕ್ಕೆ ಬಂದನು. ಆಕೆ ಉಳಿಸಿದ ರಾಜಾರಾಮನು ಜಿಂಜಿಯಿಂದ ಮರಾಠಾ ರಾಜ್ಯವನ್ನು ಎತ್ತಿಹಿಡಿದು 1700ರಲ್ಲಿ ಸಿಂಹಗಡದಲ್ಲಿ ಕಾಲವಾದನು. ಬಿದನೂರನ್ನು 1763ರಲ್ಲಿ ಹೈದರಾಲಿ ತೆಗೆದುಕೊಂಡನು. ರಾಜ್ಯಗಳ ಕಥೆ ಅಲ್ಲಿಗೆ ಮುಗಿಯಿತು.

ನನ್ನ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ; ಇದನ್ನು ಬರೆಯಲು ಕುಳಿತದ್ದಕ್ಕೆ ಅದೂ ಒಂದು ಕಾರಣ. ನ್ಯಾಮತಿಯ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮ ತಂದೆಯವರಿಗೂ ದೊಡ್ಡಪ್ಪನವರಿಗೂ ತೋಟದ ಬಾವಿಯ ನೀರಿನ ಸರದಿಯ ವಿಷಯದಲ್ಲಿ ಮಾತು ನಿಂತು ಇಪ್ಪತ್ತೆರಡು ವರ್ಷವಾಯಿತು. ಒಂದು ಬೇಸಿಗೆ ಅವರು ನೀರು ಬಿಡದೆ ನಮ್ಮ ಎಳೆಯ ಅಡಿಕೆಗಿಡಗಳು ಒಣಗಿಹೋದವು. ದೊಡ್ಡಪ್ಪನವರು ಈಗ ಇಲ್ಲ. ಕಳೆದ ಜೂನಿನಲ್ಲಿ ಅವರ ಮೊಮ್ಮಗ ಚನ್ನಗಿರಿಯ ಕಾಲೇಜಿಗೆ ಸೇರಿ, ಉಳಿದುಕೊಳ್ಳಲು ಜಾಗವಿಲ್ಲದೆ, ಒಂದು ಚೀಲದೊಡನೆ ನಮ್ಮ ಬಾಗಿಲಿಗೆ ಬಂದು ನಿಂತನು. ತಂದೆಯವರು ಎದ್ದು ಹಿತ್ತಿಲ ಕಡೆಗೆ ಹೋದರು. ನನಗೆ ಮೊದಲು ನೆನಪಾದದ್ದು ಆ ಒಣಗಿದ ಗಿಡಗಳೇ ಎಂದರೆ ನನ್ನ ವಿದ್ಯಾರ್ಥಿಗಳು ನಗಬಾರದು. ಕೊನೆಗೆ ಹುಡುಗನ ಕೈಯಿಂದ ಚೀಲವನ್ನು ತೆಗೆದುಕೊಂಡವರು ನಮ್ಮ ತಾಯಿ, ನಾನಲ್ಲ.

ಜಗಳೂರಿನ ವಿದ್ಯಾರ್ಥಿನಿಗೆ ಮುಂದಿನ ತರಗತಿಯಲ್ಲಿ ಚೆನ್ನಮ್ಮಾಜಿಯ ಕಥೆಯನ್ನು ಹೇಳಿದೆ. ಅವಳು ಗಮನವಿಟ್ಟು ಕೇಳಿ, ಬಸರೂರಿನಲ್ಲಿ ಲೂಟಿಯಾದ ಅಂಗಡಿಯವರನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಹುಡುಗನು ಮುಂಗೋಣೆಯಲ್ಲಿ ಓದಿಕೊಳ್ಳುತ್ತಾನೆ. ತಂದೆಯವರು ಅವನನ್ನು ಇನ್ನೂ ಹೆಸರು ಹಿಡಿದು ಕರೆದಿಲ್ಲ. ಬೆಳಗ್ಗೆ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ, ಮೊದಲಿನಂತೆ ಜಗುಲಿಯ ಮೇಲೆ ಬಿಡದೆ, ಮಡಿಸಿ ಅವನ ಕೋಣೆಯ ಕಿಟಕಿಯಲ್ಲಿ ಇಟ್ಟುಹೋಗುತ್ತಾರೆ.